ದಾವಣಗೆರೆ ಬಿಸಿಲಿಗೆ ಡೀಪ್‌ಕೂಲ್ ಎಜಿ400

ವಿದ್ಯಾನಗರದಲ್ಲಿ ನಮ್ಮದು ತಾರಸಿ ಕೆಳಗಿನ ರೂಮು. ಏಪ್ರಿಲ್ ಮಧ್ಯಾಹ್ನ ಒಳಗೇ 36 ಡಿಗ್ರಿ. ಕಂಪ್ಯೂಟರಿನ ಪ್ರೊಸೆಸರ್ ತಣ್ಣಗಿಡೋಕೆ ಹಳೇ ಪುಟ್ಟ ಕೂಲರ್ ಇದ್ದಾಗ, ಎಡಿಟ್ ಮಾಡಿದ ವಿಡಿಯೋ ರೆಂಡರ್‌ಗೆ (ಫೈಲ್ ಸಿದ್ಧಪಡಿಸೋಕೆ) ಹಾಕಿದರೆ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿತ್ತು. ತೀರಾ ಕಾದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಈಗ ಹಾಕಿರೋ ಡೀಪ್‌ಕೂಲ್ ಕಂಪನಿಯ ಎಜಿ400 ಕೂಲರಿಗೆ ಬಿಸಿ ಸಾಗಿಸುವ ನಾಲ್ಕು ತಾಮ್ರದ ಪೈಪು, 120 ಎಂಎಂ ಫ್ಯಾನು. ಅದೇ ಕೆಲಸಕ್ಕೆ ಈಗ 75ರ ಆಸುಪಾಸು. ಸದ್ದೂ ಕಮ್ಮಿ. ನನಗಂತೂ ತುಂಬಾ ಇಷ್ಟವಾಯ್ತು. ಎತ್ತರ 150 ಎಂಎಂ, ಕಂಪ್ಯೂಟರ್ ಕ್ಯಾಬಿನೆಟ್ ಅಳತೆ ನೋಡಿಯೇ ತಗೊಳ್ಳಿ. ಪ್ರೊಸೆಸರ್, ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ಸುಮ್ನೆ ಜಾಸ್ತಿ ಬಳಿಯಬೇಡಿ.

ಫ್ಯಾನಿನ ಯಾವ ಕೂಲರೂ ರೂಮಿಗಿಂತ ತಣ್ಣಗೆ ಮಾಡಲಾರದು ಅಲ್ವಾ? ಹಾಗಾಗಿ ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿಡಬೇಡಿ. ಹಿಂದಿನ ಫ್ಯಾನು ಬಿಸಿಗಾಳಿಯನ್ನು ಹೊರಗೆ ತಳ್ಳುತ್ತಿರಬೇಕು. ನಮ್ಮೂರ ದೂಳಿಗೆ ಆಗಾಗ ಬ್ರಶ್ ಆಡಿಸಲೇಬೇಕು.