ಟ್ಯಾಗ್ ಕಾಪಿ ಮಾಡಿದರೆ ಲಿಂಕೂ ಜೊತೆಗೇ ಬರುತ್ತದೆ, ಹುಷಾರು

ಬೆಳಿಗ್ಗೆ ಎಂಟೂವರೆಗೆ ಮೇಸ್ತ್ರಿ ಫೋನ್. "ಸರ್, ಬಾತ್‌ರೂಮಿಗೆ ಎರಡೂವರೆ ಅಡಿ ಬಾಗಿಲು ಅಂತ ಜಾಗ ಬಿಟ್ಟು ಗೋಡೆ ಕಟ್ಟಿದ್ವಿ. ಬಡಗಿ ನೋಡಿದ್ರೆ ಮೂರಡಿ ಚೌಕಟ್ಟು ತಂದಿದ್ದಾನೆ. ನಿಮ್ಮ ಡ್ರಾಯಿಂಗಲ್ಲೇ ಹಾಗಿದೆ ಅಂತಾನೆ."

ಡ್ರಾಯಿಂಗ್ ಸರಿಯಾಗೇ ಇತ್ತು. ಕೈಕೊಟ್ಟಿದ್ದು ಅದರೊಳಗಿನ ಲಿಂಕು. ಆಟೋಕ್ಯಾಡ್‌ನಲ್ಲಿ (ಕಟ್ಟಡದ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್) ಕೆಲಸ ಮಾಡುವವರು ಇದನ್ನೊಮ್ಮೆ ಓದಿಬಿಡಿ. ತಪ್ಪು ಸಾಫ್ಟ್‌ವೇರಿನದಲ್ಲ, ನನ್ನದೇ.

ಪ್ಲಾನಿನ ಮೇಲೆ ಡಿ1, ಡಿ2, ಡಿ3 ಅಂತ ಬಾಗಿಲ ಟ್ಯಾಗ್ ಬರೆಯುತ್ತೇವಲ್ಲ, ಆ ಟೆಕ್ಸ್ಟ್ ಆರಿಸಿ, ಕಂಟ್ರೋಲ್ ಕೆ ಒತ್ತಿ, ಆಯಾ ಬಾಗಿಲ ವಿವರದ ಪಿಡಿಎಫ್‌ಗೆ ಲಿಂಕ್ ಹಾಕಿದ್ದೆ. ಕಂಟ್ರೋಲ್ ಹಿಡಿದು ಟ್ಯಾಗ್ ಮೇಲೆ ಕ್ಲಿಕ್ ಮಾಡಿದರೆ ಶೀಟ್ ತೆರೆಯುತ್ತದೆ. ನನ್ನ ಕಂಪ್ಯೂಟರಲ್ಲಿ ಚೆನ್ನಾಗೇ ತೆರೆಯಿತು. ಪೆನ್‌ಡ್ರೈವಲ್ಲಿ ಫೋಲ್ಡರ್ ಸಮೇತ ಸೈಟ್ ಆಫೀಸಿಗೆ ಕೊಟ್ಟರೆ ಒಂದೂ ಇಲ್ಲ! ಎಲ್ಲವೂ ನನ್ನ ಡಿ ಡ್ರೈವ್‌ನ ಪೂರ್ತಿ ಪಾತ್ (ಫೈಲ್ ಇರುವ ವಿಳಾಸ) ಹಿಡಿದು ಕೂತಿದ್ದವು. ಲಿಂಕ್ ಹಾಕುವಾಗಲೇ ರಿಲೇಟಿವ್ ಪಾತ್‌ಗೆ ಟಿಕ್ ಹಾಕಿದ್ದರೆ ಡ್ರಾಯಿಂಗ್ ಇರುವ ಫೋಲ್ಡರಿನಿಂದಲೇ ಹುಡುಕುತ್ತಿತ್ತು. (ಹೈಪರ್‌ಲಿಂಕ್‌ಬೇಸ್ ಅನ್ನುವ ಸೆಟ್ಟಿಂಗ್ ಖಾಲಿ ಇರಬೇಕು. ಅದರಲ್ಲಿ ಬೇರೆ ಪಾತ್ ಇದ್ದರೆ ಅಲ್ಲಿಂದ ಹುಡುಕುತ್ತದೆ.)

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ತೆರೆಯದ ಲಿಂಕ್ ಸಿಕ್ಕರೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ತೆರೆದೂ ತಪ್ಪು ಶೀಟ್ ತೋರಿಸಿದರೆ ಯಾರು ಕೇಳುತ್ತಾರೆ?

ಒಂದೊಂದು ಟ್ಯಾಗಿಗೂ ಮತ್ತೆ ಲಿಂಕ್ ಹಾಕುವುದು ಬೇಜಾರಾಯಿತು. ಮೂರಡಿ ಬಾಗಿಲಿನ ಡಿ2 ಒಂದನ್ನು ಸರಿಮಾಡಿದೆ. ಹಳೆಯವನ್ನೆಲ್ಲ ಅಳಿಸಿ ಅದನ್ನೇ ಎಲ್ಲ ಕಡೆ ಕಾಪಿ ಮಾಡಿದೆ. ಬಾತ್‌ರೂಮಿನ ಹತ್ತಿರ ಡಬಲ್ ಕ್ಲಿಕ್ ಮಾಡಿ ಡಿ3 ಅಂತ ತಿದ್ದಿದೆ. ಅಕ್ಷರ ಬದಲಾಯಿತು, ಲಿಂಕ್ ಬದಲಾಗಲಿಲ್ಲ. ಅದು ಅಕ್ಷರಕ್ಕಲ್ಲ, ಆಬ್ಜೆಕ್ಟಿಗೆ ಅಂಟಿಕೊಂಡಿರುತ್ತದೆ. ಆಮೇಲೆ ಬದಲಿಸೋಣ ಅಂದುಕೊಂಡೆ, ಮರೆತೆ.

ಮೌಸ್ ಇಟ್ಟಾಗಲಾದರೂ ಗೊತ್ತಾಗಬೇಕಿತ್ತಲ್ವಾ? ಅಲ್ಲೂ ನನ್ನದೇ ಜಾಣತನ ಅಡ್ಡ ಬಂತು. ಲಿಂಕ್ ಹಾಕುವಾಗ ಟೆಕ್ಸ್ಟ್ ಟು ಡಿಸ್‌ಪ್ಲೇ ಜಾಗದಲ್ಲಿ 'ಬಾಗಿಲಿನ ವಿವರ' ಅಂತ ಹಾಕಿದ್ದೆ. ಹಾಗಾಗಿ ಯಾವ ಟ್ಯಾಗಿನ ಮೇಲೆ ಮೌಸ್ ಇಟ್ಟರೂ ಅದೇ ಕಾಣುತ್ತಿತ್ತು, ಫೈಲ್ ಹೆಸರಲ್ಲ. ಶೀಟಿನ ಮೇಲ್ಗಡೆ ಡಿ2 ಅಂತ ಬರೆದಿತ್ತು, ನಿಜ. ಆದರೆ ಅಳತೆ ಬೇಕಾದವನು ಸೀದಾ ಅಳತೆ ನೋಡುತ್ತಾನೆ. ಬಡಗಿಯನ್ನು ಬೈದು ಏನು ಬಂತು? ಚೌಕಟ್ಟು ಬಿಚ್ಚಿ, ಕೊಯ್ದು, ಎರಡೂವರೆಗೆ ಇಳಿಸಿಕೊಟ್ಟ. ಕೂಲಿ ನನ್ನ ಜೇಬಿನಿಂದ.

ಈಗ ಟೆಕ್ಸ್ಟ್ ಟು ಡಿಸ್‌ಪ್ಲೇ ಜಾಗ ಖಾಲಿ ಬಿಡುತ್ತೇನೆ. ಅಲ್ಲಿ ಏನಾದರೂ ಬರೆದಿದ್ದರೆ ಪ್ರಾಪರ್ಟೀಸ್‌ನಲ್ಲೂ ಫೈಲ್ ಹೆಸರಿನ ಬದಲು ಅದೇ ಕಾಣುತ್ತದೆ. ಫೈಲ್ ಕೊಡುವ ಮುಂಚೆ ಡಿ3 ಟ್ಯಾಗುಗಳನ್ನಷ್ಟೇ ಒಟ್ಟಿಗೆ ಆರಿಸಿ, ಪ್ರಾಪರ್ಟೀಸ್‌ನಲ್ಲಿ ಹೈಪರ್‌ಲಿಂಕ್ ಸಾಲು ನೋಡುತ್ತೇನೆ. 'ವೇರೀಸ್' ಅಂತ ಬಂದರೆ ಯಾವುದೋ ಒಂದು ಬೇರೆ ಕಡೆ ಹೊರಟಿದೆ ಅಂತಲೇ ಅರ್ಥ. ಎಲ್ಲಕ್ಕೂ ಒಂದೇ ಇದ್ದರೂ ಫೈಲ್ ಹೆಸರು ಓದಿ ನೋಡಿ. ಎಲ್ಲವೂ ಒಟ್ಟಿಗೆ ತಪ್ಪಿದ್ದರೆ 'ವೇರೀಸ್' ಬರುವುದಿಲ್ಲ. ನನ್ನ ಎರಡು ಬಾತ್‌ರೂಮಿಗೂ ಆಗಿದ್ದು ಅದೇ.