‘ಸೋನಿಕ್’ ಎಂಬ ಹೆಸರು ನೋಡಿ ಹಣ ಕೊಡಬೇಡಿ

ತುಮಕೂರಿನಲ್ಲಿ ಯಾರಾದರೂ ಮಕ್ಕಳಿಗೆಂದು ಹಳೆಯ ಎಕ್ಸ್‌ಬಾಕ್ಸ್ 360 (ಟಿ.ವಿ.ಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಯಂತ್ರ), ಕಿನೆಕ್ಟ್ (ಆಡುವವರ ಮೈ ಚಲನೆಯನ್ನು ಗುರುತಿಸುವ ಅದರ ಕ್ಯಾಮೆರಾ) ಮತ್ತು ‘ಸೋನಿಕ್ ಫ್ರೀ ರೈಡರ್ಸ್’ ಆಟದ ಡಿಸ್ಕ್ ಮೂರನ್ನೂ ಒಟ್ಟಿಗೆ ಕೊಳ್ಳಲು ಹೊರಟಿದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಹೋಗಿ. ಕಳೆದ ಬೇಸಿಗೆ ರಜೆಯಲ್ಲಿ ನಾನು ಅದನ್ನೇ ಕೊಂಡೆ. 9,800 ರೂಪಾಯಿ ಹೋಯಿತು. ಅದಕ್ಕಿಂತ ನೋವಿನ ಸಂಗತಿ, ಹನ್ನೊಂದು ವರ್ಷದ ನನ್ನ ಅಣ್ಣನ ಮಗನ ಹುಬ್ಬಿಗೆ ಮೂರು ಹೊಲಿಗೆ ಬಿದ್ದವು.

ಈ ಆಟದ ಮೇಲೆ ನನಗೇಕೆ ಅಷ್ಟು ಮೋಹ ಎಂದು ಮೊದಲು ಹೇಳಬೇಕು. ಪಿಯುಸಿ ಓದುವಾಗ ಬಿ.ಎಚ್. ರಸ್ತೆಯ ಪಕ್ಕದ ಒಂದು ಓಣಿಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಪ್ಲೇಸ್ಟೇಷನ್ 2 ಆಡುವ ಅಂಗಡಿಯೊಂದಿತ್ತು. ಅಣ್ಣ, ನಾನು ಶನಿವಾರ ಅಲ್ಲಿಗೆ ಹೋಗುತ್ತಿದ್ದೆವು. ಅಲ್ಲಿ ನಾವು ಆಡುತ್ತಿದ್ದದ್ದು 2006ರಲ್ಲಿ ಬಂದ ಮೊದಲ ‘ಸೋನಿಕ್ ರೈಡರ್ಸ್’. ಬೇರೆ ವಿಡಿಯೊ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಓಡುವ ಸೋನಿಕ್ ಎಂಬ ನೀಲಿ ಪಾತ್ರ ಈ ಆಟದಲ್ಲಿ ಚಕ್ರವಿಲ್ಲದ, ಗಾಳಿಯಲ್ಲಿ ತೇಲುವ ಹಲಗೆಯ ಮೇಲೆ ನಿಂತು ಪಂದ್ಯಕ್ಕಿಳಿಯುತ್ತದೆ. ಎರಡು ಬಾಲದ ನರಿ ಟೇಲ್ಸ್, ಕೆಂಪು ಬಣ್ಣದ ನಕಲ್ಸ್ ಜೊತೆಗಿರುತ್ತಾರೆ. ಎದುರಾಳಿ ಜೆಟ್ ಎಂಬ ಹಸಿರು ಗಿಡುಗ. ಹಲಗೆಗೆ ಗಾಳಿಯೇ ಇಂಧನ. ವೇಗ ಹೆಚ್ಚಿಸಿದಷ್ಟೂ ಅದು ಕರಗುತ್ತದೆ, ಎತ್ತರದಿಂದ ಹಾರಿ ಲಾಗ ಹಾಕಿದರೆ ಮತ್ತೆ ತುಂಬಿಕೊಳ್ಳುತ್ತದೆ. ಪೂರ್ತಿ ಮುಗಿದರೆ ಹಲಗೆ ಕೈಕೊಟ್ಟು ಬರಿಗಾಲಲ್ಲಿ ಓಡಬೇಕು. ಮುಂದೆ ಹೋದವರ ಹಿಂದೆ ಗಾಳಿಯ ಸುಳಿಯೊಂದು ಉಳಿಯುತ್ತದೆ, ಅದರೊಳಗೆ ನುಗ್ಗಿದರೆ ಹಿಂದಿನವರೂ ಮುಂದಿನವರನ್ನು ಹಿಡಿಯಬಹುದು. ಅಣ್ಣ ಯಾವಾಗಲೂ ಮುಂದಿರುತ್ತಿದ್ದ, ನಾನು ಅವನ ಸುಳಿಯಲ್ಲಿ ಬರುತ್ತಿದ್ದೆ. ಕೊನೆಯ ತಿರುವಿನಲ್ಲಿ ಅವನನ್ನು ದಾಟಿದ ಒಂದು ಶನಿವಾರ ಈಗಲೂ ನನ್ನ ಕಣ್ಣ ಮುಂದಿದೆ.

ಆ ಸಂತೋಷವನ್ನು ಅಣ್ಣನ ಮಗನಿಗೆ ಕೊಡಬೇಕೆಂದೇ ನಾನು ಹುಡುಕತೊಡಗಿದ್ದು. ಹಳೆಯ ವಸ್ತುಗಳ ಜಾಹೀರಾತೊಂದರಲ್ಲಿ ‘ಸೋನಿಕ್ ರೈಡರ್ಸ್ ಸಮೇತ ಎಕ್ಸ್‌ಬಾಕ್ಸ್, 8,500 ರೂಪಾಯಿ’ ಎಂದಿತ್ತು. ಚಿತ್ರದಲ್ಲಿ ಕಪ್ಪು ಬಣ್ಣದ ತೆಳ್ಳಗಿನ ಯಂತ್ರ. ಫೋನ್ ಮಾಡಿದೆ. ‘ಇದು ಪ್ಲೇಸ್ಟೇಷನ್‌ನಲ್ಲಿದ್ದ ಆಟವೇ ತಾನೇ? ರಿಮೋಟ್ ಹಿಡಿದು ಆಡಬಹುದು ತಾನೇ?’ ಎಂದು ಎರಡೆರಡು ಸಲ ಕೇಳಿದೆ. ‘ಅದೇ ಆಟ ಮೇಡಂ, ಹೊಸ ರೂಪದಲ್ಲಿ. ಕೈಯಲ್ಲೂ ಆಡಬಹುದು, ಮೈಯಲ್ಲೂ ಆಡಬಹುದು’ ಎಂದ. 1,500 ರೂಪಾಯಿ ಮುಂಗಡ ಕಳಿಸಿದೆ.

ಅದೇ ಆಟ, ಕೈಯಲ್ಲೂ ಆಡಬಹುದು ಎಂದು ಅವನು ಹೇಳಿದ ಎರಡು ಮಾತೂ ನಿಜವಲ್ಲ. ಈ ಸರಣಿಯಲ್ಲಿ ಮೂರು ಆಟಗಳಿವೆ. ಮೊದಲನೆಯದು ನಾನು ಹೇಳಿದ 2006ರದ್ದು. ಎರಡನೆಯದು 2008ರ ‘ಝೀರೋ ಗ್ರಾವಿಟಿ’. ಮೂರನೆಯದು 2010ರ ನವೆಂಬರ್‌ನಲ್ಲಿ ಕಿನೆಕ್ಟ್ ಜೊತೆಜೊತೆಗೇ ಬಂದ ‘ಫ್ರೀ ರೈಡರ್ಸ್’. ಮೂರನೆಯದಕ್ಕೆ ಕಿನೆಕ್ಟ್ ಕ್ಯಾಮೆರಾ ಬೇಕೇ ಬೇಕು. ಹಲಗೆಯ ಮೇಲೆ ನಿಂತವರಂತೆ ಓರೆಯಾಗಿ ನಿಲ್ಲಬೇಕು, ಮೈ ವಾಲಿಸಿದರೆ ತಿರುವು, ಜಿಗಿದರೆ ಲಾಗ, ಕೈ ಚಾಚಿದರೆ ದಾರಿಯಲ್ಲಿನ ಉಂಗುರ ಕೈಗೆ. ಗುಂಡಿ ಒತ್ತಿ ಪಂದ್ಯ ಆಡುವ ದಾರಿಯೇ ಅದರಲ್ಲಿಲ್ಲ. ಡಿಸ್ಕಿನ ಪೆಟ್ಟಿಗೆ ನೋಡಿದರೂ ತಿಳಿಯುತ್ತದೆ: ಎಕ್ಸ್‌ಬಾಕ್ಸ್ 360ರ ಮಾಮೂಲಿ ಆಟಗಳ ಪೆಟ್ಟಿಗೆ ಹಸಿರು, ಕಿನೆಕ್ಟ್ ಆಟಗಳದ್ದು ನೇರಳೆ. ಇಷ್ಟು ಗೊತ್ತಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆ.

ಮೆಜೆಸ್ಟಿಕ್ ಬಸ್ ನಿಲ್ದಾಣದ ಹೊರಗೆ ಸಂಜೆ ಏಳರ ಹೊತ್ತಿಗೆ ಪೆಟ್ಟಿಗೆ ಕೈಗೆ ಬಂತು. ಮೇಲುಗಡೆ ಕ್ಯಾಮೆರಾ, ಡಿಸ್ಕ್. ಕೆಳಗೆ ಬಟ್ಟೆಯಲ್ಲಿ ಸುತ್ತಿದ್ದ ಯಂತ್ರ. ‘ನಿಮ್ಮ ಬಸ್ ಹೊರಡುತ್ತದೆ, ಮನೆಗೆ ಹೋಗಿ ನೋಡಿ’ ಎಂದ. ಬಿಲ್ ಕೇಳಿದ್ದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾಗಿ ಹೇಳಿದ. ಉಳಿದ 7,000 ರೂಪಾಯಿ ನಗದಾಗಿ ಕೊಟ್ಟು ಬಸ್ ಹತ್ತಿದೆ. ಬಟ್ಟೆ ಬಿಚ್ಚಿ ನೋಡದೆ ಹಣ ಕೊಟ್ಟದ್ದು ನನ್ನ ತಪ್ಪು, ಅದನ್ನು ಮುಚ್ಚಿಡುವುದಿಲ್ಲ.

ಕ್ಯಾತಸಂದ್ರದ ಮನೆಯಲ್ಲಿ ಬಿಚ್ಚಿದಾಗ ಒಳಗಿದ್ದದ್ದು ಬಿಳಿ ಬಣ್ಣದ, ದಪ್ಪನೆಯ ಹಳೆಯ ಮಾದರಿ. 2010ರಲ್ಲಿ ಬಂದ ತೆಳು ಮಾದರಿಯ ಹಿಂಬದಿಯಲ್ಲಿ ಕಿನೆಕ್ಟ್‌ಗೆಂದೇ ಒಂದು ಕಿಂಡಿ ಇದೆ, ಕ್ಯಾಮೆರಾಕ್ಕೆ ಬೇಕಾದ ವಿದ್ಯುತ್ ಅದರಿಂದಲೇ ಸಿಗುತ್ತದೆ. ಹಳೆಯ ಮಾದರಿಯಲ್ಲಿ ಆ ಕಿಂಡಿಯೇ ಇಲ್ಲ. ಗೋಡೆಯ ಪ್ಲಗ್ಗಿಗೆ ಹಾಕುವ ಬೇರೊಂದು ಅಡಾಪ್ಟರ್ ಇಲ್ಲದೆ ಕ್ಯಾಮೆರಾ ಕಣ್ಣೇ ತೆರೆಯುವುದಿಲ್ಲ. ಅದು ಪೆಟ್ಟಿಗೆಯಲ್ಲಿರಲಿಲ್ಲ. ಕೇಳಿದ್ದಕ್ಕೆ ಮಾರಿದವನು ‘ಎಲ್ಲ ಕಡೆ ಇನ್ನೂರು ರೂಪಾಯಿಗೆ ಸಿಗುತ್ತದೆ’ ಎಂದ. ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ಅದರ ಹೆಸರನ್ನೇ ಯಾರೂ ಕೇಳಿರಲಿಲ್ಲ. ಕಿನೆಕ್ಟ್ ತಯಾರಿಕೆ 2017ರಲ್ಲೇ ನಿಂತಿದೆ, ಸಿಗುವುದಾದರೂ ಹೇಗೆ? ಎಂಟು ದಿನ ಅಲೆದು, ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 1,300 ರೂಪಾಯಿ ಕೊಟ್ಟು ತಂದೆ. ಆ ಎಂಟು ದಿನವೂ ಹುಡುಗ ಶಾಲೆಯ ಗೆಳೆಯರಿಗೆಲ್ಲ ಹೇಳಿಕೊಂಡು ಕಾಯುತ್ತಿದ್ದ.

ಕ್ಯಾಮೆರಾ ಕಣ್ಣು ತೆರೆದ ಮೇಲೆ ಮನೆಯ ತೊಂದರೆ ಶುರುವಾಯಿತು. ಕಿನೆಕ್ಟ್‌ಗೆ ಒಬ್ಬರು ಆಡಲು ಸುಮಾರು ಆರು ಅಡಿ, ಇಬ್ಬರಿಗೆ ಎಂಟು ಅಡಿ ದೂರ ಬೇಕು. ಅದೂ ಕ್ಯಾಮೆರಾದಿಂದ ಆಟಗಾರನವರೆಗಿನ ದೂರ, ಹಿಂದೆ ಮುಂದೆ ಅಲುಗಾಡುವ ಜಾಗ ಬೇರೆ. ನಮ್ಮ ಹಾಲ್ ಹತ್ತು ಅಡಿಗೆ ಹನ್ನೊಂದು. ಒಂದು ಗೋಡೆಗೆ ಟಿ.ವಿ., ಎದುರು ಗೋಡೆಗೆ ದಿವಾನ. ನಡುವೆ ಉಳಿದದ್ದು ಆರೂವರೆ ಅಡಿ. ಇಬ್ಬರು ನಿಂತರೆ ಒಬ್ಬರು ಪರದೆಯಿಂದ ಮಾಯವಾಗುತ್ತಿದ್ದರು. ಅಮ್ಮ ಅಡುಗೆಮನೆಯಿಂದ ನೀರು ತರಲು ದಾಟಿದರೆ ಪಂದ್ಯವೇ ತಪ್ಪಿಹೋಗುತ್ತಿತ್ತು. ಇನ್ನೊಂದು ಸಂಗತಿ ನಮಗೆ ತಡವಾಗಿ ಹೊಳೆಯಿತು: ಈ ಕ್ಯಾಮೆರಾ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲಿ, ಆ ಚುಕ್ಕಿಗಳಿಂದ ದೂರವನ್ನು ಅಳೆಯುತ್ತದೆ. ಬಿಸಿಲಿನಲ್ಲೂ ಅದೇ ಕಿರಣಗಳಿವೆ. ನಮ್ಮ ಹಾಲ್‌ನ ಕಿಟಕಿ ಪಶ್ಚಿಮಕ್ಕೆ. ಏಪ್ರಿಲ್ ತಿಂಗಳ ನಾಲ್ಕು ಗಂಟೆಯ ಬಿಸಿಲು ನೆಲಕ್ಕೆ ಬಿದ್ದರೆ ಹುಡುಗ ಎಷ್ಟು ವಾಲಿದರೂ ಸೋನಿಕ್ ನೆಟ್ಟಗೆ ಹೋಗಿ ಗೋಡೆಗೆ ಬಡಿಯುತ್ತಿದ್ದ.

ಮೂರನೆಯ ಸಂಜೆ ಕಿಟಕಿಗೆ ಕಂಬಳಿ ಕಟ್ಟಿ ಆಡಿಸಿದೆವು. ಯಂತ್ರ ತನ್ನನ್ನು ಗುರುತಿಸಲಿ ಎಂದು ಹುಡುಗ ಹಿಂದೆ ಹಿಂದೆ ಸರಿಯುತ್ತಿದ್ದ. ಲಾಗಕ್ಕೆಂದು ಜಿಗಿದವನು ದಿವಾನದ ಮರದ ಅಂಚಿಗೆ ಮುಖ ಕೊಟ್ಟು ಬಿದ್ದ. ರಕ್ತ ಕಣ್ಣಿಗಿಳಿದಿತ್ತು. ಟವೆಲ್ ಒತ್ತಿ ಹಿಡಿದುಕೊಂಡು ಆಟೊದಲ್ಲಿ ಆಸ್ಪತ್ರೆಗೆ ಹೋದೆವು. ಅರ್ಧ ಅಂಗುಲ ಕೆಳಗೆ ತಗುಲಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ನನಗೆ ಧೈರ್ಯವಿಲ್ಲ. ಹೊಲಿಗೆ ಹಾಕುವಾಗ ಅವನು ನನ್ನ ಕೈ ಹಿಡಿದು, ‘ಅತ್ತೆ, ನಾನು ಸರಿಯಾಗಿ ವಾಲುತ್ತಿರಲಿಲ್ಲ, ಅದಕ್ಕೇ ಸೋನಿಕ್ ತಿರುಗಲಿಲ್ಲ ಅಲ್ಲವೇ?’ ಎಂದ. ಮೂರು ದಿನವೂ ತಪ್ಪು ತನ್ನದೆಂದೇ ಆ ಮಗು ತಿಳಿದಿತ್ತು. ಆ ಮಾತಿಗಾಗಿಯೇ ನಾನು ಇದನ್ನು ಬರೆಯಲು ಕುಳಿತದ್ದು.

ಮಾರಿದವನಿಗೆ ಎಲ್ಲವನ್ನೂ ಹೇಳಿ ಹಣ ವಾಪಸ್ ಕೇಳಿದೆ. ‘ಕ್ಯಾಮೆರಾ ಕೆಲಸ ಮಾಡುತ್ತಿದೆಯಲ್ಲ’ ಎಂದು ಫೋನ್ ಇಟ್ಟವನು ಮತ್ತೆ ಎತ್ತಲಿಲ್ಲ. ಬಿಲ್ ಬರಲೇ ಇಲ್ಲ. ಬಿಲ್ ಇದ್ದಿದ್ದರೆ ದಾರಿಯಿತ್ತು: ವ್ಯಾಪಾರಿಯಿಂದ ಕೊಂಡ ವಸ್ತುವಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ನಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ನನ್ನ ಬಳಿ ಇರುವುದು ಮುಂಗಡ ಹೋದ 1,500 ರೂಪಾಯಿಯ ಒಂದು ಸಂದೇಶ ಮಾತ್ರ. ಹೆಸರಿಲ್ಲ, ವಿಳಾಸವಿಲ್ಲ.

ಆದ್ದರಿಂದ ಕೊಳ್ಳಲೇಬೇಕೆಂದಿರುವವರು ಯಂತ್ರದ ಹಿಂಬದಿಯ ಚಿತ್ರವನ್ನು ಮೊದಲೇ ತರಿಸಿಕೊಳ್ಳಿ. ಮಾರುವವರ ಮನೆಯಲ್ಲಿ ಒಂದು ಪಂದ್ಯ ಪೂರ್ತಿ ಆಡಿ ನೋಡಿ. ನಿಮ್ಮ ಹಾಲ್‌ಗೆ ಟೇಪು ಹಿಡಿಯಿರಿ. ಎಂಟು ಅಡಿ ಖಾಲಿ ನೆಲ ಇಲ್ಲದಿದ್ದರೆ ಈ ಆಟವನ್ನು ಬಿಟ್ಟುಬಿಡಿ. 360ರ ನಂತರ ಬಂದ ಎಕ್ಸ್‌ಬಾಕ್ಸ್ ಒನ್ ಯಂತ್ರ ಇರುವವರು ಡಿಸ್ಕ್ ಮಾತ್ರ ಕೊಳ್ಳಬೇಡಿ, ಅದರಲ್ಲಿ ಇದು ನಡೆಯುವುದಿಲ್ಲ. ಹಳೆಯ ಸೋನಿಕ್ ರೈಡರ್ಸ್ ನೆನಪಿಗಾಗಿ ಹುಡುಕುತ್ತಿರುವವರು 2006ರ ಡಿಸ್ಕನ್ನೇ, ಪ್ಲೇಸ್ಟೇಷನ್ 2ಕ್ಕೇ ಹುಡುಕಿ. ಮಕ್ಕಳು ಕುಳಿತು ಆಡುವ ಆಟ ಅದು.

ನಿನ್ನೆ ರಾತ್ರಿ ಅದೇ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ಬೇರೆ ಫೋನ್ ಸಂಖ್ಯೆ, ಬೆಲೆ 9,000. ಚಿತ್ರ ಮಾತ್ರ ಅದೇ: ಕಪ್ಪು ಬಣ್ಣದ ತೆಳು ಯಂತ್ರ, ಅದರ ಮೇಲೆ ಕ್ಯಾಮೆರಾ, ಹಿಂದೆ ಹೂವಿನ ಹಸಿರು ಪರದೆ, ಬಲಗಡೆ ಮೂಲೆ ಹರಿದ ನೇರಳೆ ಪೆಟ್ಟಿಗೆ. ಆ ಹಸಿರು ಪರದೆ ಕಂಡರೆ ಮುಂಗಡ ಕಳಿಸಬೇಡಿ.