ಶಿರಸಿಯಲ್ಲಿ ಮಾಡಿಸಿದ ಕುದುರೆಯ ನೂಲಿನ ಕಾಲುಹಗ್ಗ: ಬೇಸಿಗೆಗೆ ಸೈ, ಮಳೆಗಾಲಕ್ಕೆ ಬೇಡ

ಬನವಾಸಿ ಕಡೆಯ ನಮ್ಮ ಮನೆಯಲ್ಲಿ ಒಂದು ತಟ್ಟು, ಅಂದರೆ ಗಿಡ್ಡ ಕುದುರೆ, ಇದೆ. ಹುಲ್ಲು ಬೆಳೆಯುವ ಬೇಣಕ್ಕೆ ಬಿಟ್ಟರೆ ನೆಟ್ಟಗೆ ಪಕ್ಕದವರ ಗದ್ದೆಗೇ ಹೋಗುತ್ತದೆ. ಗೂಟಕ್ಕೆ ಉದ್ದ ಹಗ್ಗ ಕಟ್ಟಿದರೆ ಕವಳಿಯ ಮುಳ್ಳುಪೊದೆಗೆ ಸುತ್ತಿಕೊಂಡು ಮೇವೂ ಇಲ್ಲ, ನೀರೂ ಇಲ್ಲ. ಅದಕ್ಕೇ ಮೇಯುತ್ತ ಸಣ್ಣ ಹೆಜ್ಜೆ ಹಾಕಲಿ, ದೂರ ಮಾತ್ರ ಹೋಗದಿರಲಿ ಎಂದು ಮುಂಗಾಲೆರಡಕ್ಕೂ ಹಾಕುವ ಹಗ್ಗವನ್ನು ಶಿರಸಿ ಪೇಟೆಯ ಅಂಗಡಿಯೊಂದರಲ್ಲಿ 220 ರೂಪಾಯಿಗೆ ಮಾಡಿಸಿದೆ. "ದನದ ಕಣ್ಣಿನೇ ಸಾಕಾಗ್ತದಲ್ರಾ" ಎಂದರು ಅಂಗಡಿಯವರು. ಸಾಕಾಗುವುದಿಲ್ಲ. ಕಣ್ಣಿ ಎಂದರೆ ಕೊರಳಿಗೆ ಹಾಕುವ ಹಗ್ಗ, ಅದು ಕಾಲಿನ ಚರ್ಮ ಕೀಳುತ್ತದೆ.

ಇವರು ಕೊಟ್ಟಿದ್ದು ಹೆಬ್ಬೆರಳ ದಪ್ಪದ ಮೆತ್ತನೆಯ ಮೂರೆಳೆ ಹೆಣಿಗೆ. ಎರಡು ಕುಣಿಕೆ, ನಡುವೆ ಒಂದು ಗೇಣು, ಕುಣಿಕೆ ಮುಚ್ಚಲು ಸಣ್ಣ ಮರದ ಕೀಲು. ಗೊರಸಿಗೂ ಅದರ ಮೇಲಿನ ಗಂಟಿಗೂ ನಡುವಿನ ತಗ್ಗಿನಲ್ಲಿ ಹಾಕಬೇಕು, ಒಳಗೆ ಎರಡು ಬೆರಳು ಆಡಬೇಕು. ಕುದುರೆ ಗಾಬರಿಯಾದಾಗ ಗಂಟು ಬಿಡಿಸುತ್ತ ಕೂರುವ ಪಾಡಿಲ್ಲ, ಕೀಲು ಎಳೆದರೆ ಆಯಿತು. ಈ ಕೀಲಿಗೇ ನಾನು ದುಡ್ಡು ಕೊಟ್ಟಿದ್ದು ಅನ್ನಬೇಕು.

ಕೊಯ್ಲಾದ ಗದ್ದೆಗೆ ಮಂದೆ ತರುವ ಕುರಿಗಾರರು ತಮ್ಮ ಕುದುರೆಯ ಕಾಲಿಗೆ ಸಾದಾ ಹಗ್ಗವನ್ನೇ ಎಂಟರ ಆಕಾರದಲ್ಲಿ ಸುತ್ತಿ ಕಟ್ಟುತ್ತಾರೆ. ಅವರ ಕೈಗೆ ಅದು ಒಗ್ಗಿದೆ. ಮಂಗೋಲಿಯಾದವರು ಹಸಿ ತೊಗಲಿನ ಪಟ್ಟಿಯಲ್ಲಿ ಮುಂಗಾಲೆರಡರ ಜೊತೆ ಒಂದು ಹಿಂಗಾಲನ್ನೂ ಸೇರಿಸುತ್ತಾರೆ. ಲಾಯದಲ್ಲಿ ಮುಂದಕ್ಕೂ ಹಿಂದಕ್ಕೂ ಹಗ್ಗ ಎಳೆದು ಗೂಟಕ್ಕೆ ಕಟ್ಟುವ ಅಗಾಡಿ-ಪಿಛಾಡಿ ಬೇರೆ ಸಂಗತಿ, ಅದು ನಿಲ್ಲಿಸುವುದಕ್ಕೆ, ಮೇಯಿಸುವುದಕ್ಕಲ್ಲ.

ಕುಮಟಾದ ನೆಂಟರು ಕತ್ತದ ಹಗ್ಗ ಸಾಕು ಎನ್ನುತ್ತಾರೆ. ದೋಣಿಗೆ ಸರಿ, ಕಾಲಿಗೆ ಒರಟು. ನೈಲಾನ್ ಅಂತೂ ಬೇಡವೇ ಬೇಡ, ಜಗ್ಗಿದಷ್ಟೂ ಬಿಗಿದು ಚರ್ಮ ಸುಡುತ್ತದೆ.

ಕೊರತೆಯೂ ಇದೆ. ನಮ್ಮ ಮಳೆಯಲ್ಲಿ ನೂಲು ಒಣಗುವುದೇ ಇಲ್ಲ. ಬೂಷ್ಟು ಹಿಡಿಯುತ್ತದೆ, ಉಬ್ಬಿ ಕೀಲು ಕಚ್ಚಿಕೊಳ್ಳುತ್ತದೆ, ಒಳಗೆ ಕೆಸರು ಸೇರಿ ಕಾಲು ಹುಣ್ಣಾಗುತ್ತದೆ. ಜೂನ್ ಬಂದರೆ ಅಟ್ಟಕ್ಕೆ ಹಾಕಿ, ಕೊಟ್ಟಿಗೆಗೇ ಹುಲ್ಲು ಕೊಯ್ದು ತರುವುದೇ ವಾಸಿ. ಇನ್ನೊಂದು, ಜಾಣ ಕುದುರೆ ಮುಂಗಾಲೆರಡನ್ನೂ ಒಟ್ಟಿಗೆ ಎತ್ತಿ ಕುಪ್ಪಳಿಸುವುದನ್ನು ಬೇಗ ಕಲಿಯುತ್ತದೆ, ನಮ್ಮದು ಕಲಿತಿದೆ. ಕೊರಳಿಗೆ ಗಂಟೆ ಇರಲಿ. ಚಿರತೆ ಓಡಾಡುವ ಊರಲ್ಲಿ ಕತ್ತಲಾದ ಮೇಲೆ ಕಾಲು ಕಟ್ಟಿ ಹೊರಗೆ ಬಿಡಲೇಬೇಡಿ, ತಪ್ಪಿಸಿಕೊಳ್ಳಲು ಕುದುರೆಗೆ ದಾರಿ ಇರುವುದಿಲ್ಲ.

ಅಂಗಡಿಯಲ್ಲಿ ಇದು ಸಿದ್ಧವಾಗಿ ಸಿಗುವುದಿಲ್ಲ. ಕುದುರೆ ಕಾಲಿಗೆ ದಾರ ಸುತ್ತಿ ಅಳತೆ ಒಯ್ಯಿರಿ. ಸಂತೆಯ ದಿನ ಮಾತ್ರ ಹೋಗಬೇಡಿ, ಅವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ.